ದಡ ನೋಡಿ ಹರಿಗೋಲು ಕೊಳ್ಳಿ

ರಾಯಕೋಟೆ ಎಂದರೆ ಹೊರಗಿನವರಿಗೆ ಟೊಮೇಟೊ ಮಂಡಿ. ಇತಿಹಾಸ ಓದಿದವರಿಗೆ 1791ರಲ್ಲಿ ಇಂಗ್ಲಿಷರ ಪಡೆ ಟಿಪ್ಪುವಿನ ಕೈಯಿಂದ ಕಿತ್ತುಕೊಂಡ ಬೆಟ್ಟದ ಕೋಟೆ. ಮೀನಿನ ಹೆಸರೆತ್ತಿದರೆ ಈ ಊರು ಯಾರಿಗೂ ನೆನಪಾಗುವುದಿಲ್ಲ. ಆದರೂ ಸುತ್ತಮುತ್ತ ನಿಂತ ನೀರಿಗೆ ಬರವಿಲ್ಲ. ಪಾಲಕೋಡಿನ ಕಡೆ ಹೊರಟರೆ ಪಂಚಪಳ್ಳಿಯ ಚಿನ್ನಾರ್ ಅಣೆಕಟ್ಟೆ, ಹೊಸೂರಿನ ಕಡೆ ಕೆಲವರಪಳ್ಳಿ, ಕೃಷ್ಣಗಿರಿ ದಾಟಿದರೆ ಕಾಮರಾಜರ ಕಾಲದಲ್ಲಿ ದಕ್ಷಿಣ ಪಿನಾಕಿನಿಗೆ ಅಡ್ಡ ಕಟ್ಟಿದ, ತುಂಬಿದಾಗ 52 ಅಡಿ ನೀರು ನಿಲ್ಲುವ ಕೆಆರ್‌ಪಿ ಅಣೆಕಟ್ಟೆ. ನಡುನಡುವೆ ಹಳ್ಳಿಯ ಕೆರೆಗಳು. ಮಳೆ ಚೆನ್ನಾಗಿ ಆದ ವರ್ಷ ಕೆರೆ ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿ ಬಿಡುವ ಹುಡುಗರು ಹೆಚ್ಚಾಗುತ್ತಾರೆ. ಮರಿ ಎಲ್ಲಿ ಸಿಗುತ್ತದೆ, ಬಲೆ ಎಲ್ಲಿ ಸಿಗುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ. ನೀರಿನ ಮೇಲೆ ಓಡಾಡಲು ಏನು ಕೊಳ್ಳಬೇಕು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು.

ಕೆಲವರು ಮೊಬೈಲಿನಲ್ಲಿ ಕೆನಡಾದ ಆರ್ಗೋ ಗಾಡಿ ತೋರಿಸಿ ಕಣ್ಣರಳಿಸುತ್ತಾರೆ. ಆರೋ ಎಂಟೋ ಚಕ್ರ, ದೋಣಿಯಂಥ ಒಡಲು. ನೆಲದಲ್ಲಿ ಓಡುತ್ತದೆ, ಕೆಸರಿನಲ್ಲಿ ಓಡುತ್ತದೆ, ನೀರಿಗೆ ಬಿದ್ದರೆ ಟೈರು ತಿರುಗಿಸಿಕೊಂಡೇ ಮೆಲ್ಲಗೆ ತೇಲಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಹೋಗಿ, ಮಂಜಿಗೆ ತೂತು ಕೊರೆದು ಗಾಳ ಹಾಕುವವರಿಗೆ ಅದು ಬಲು ಉಪಕಾರಿ. ಮಂಜು ಕುಸಿದರೂ ಗಾಡಿ ಮುಳುಗದೆ ತೇಲುತ್ತದೆ. ಆದರೆ ಅಲ್ಲಿಯವರೂ ಗಾಡಿಯನ್ನು ನಂಬಿ ಕೆರೆಗಿಳಿಯುವುದಿಲ್ಲ. ಅಮೆರಿಕದ ಮಿನೆಸೋಟಾ ರಾಜ್ಯದ ಇಲಾಖೆ ಹೇಳುವ ಲೆಕ್ಕ ಹೀಗಿದೆ: ಗಟ್ಟಿಯಾದ ಹೊಸ ಮಂಜು 4 ಅಂಗುಲ ದಪ್ಪವಿದ್ದರೆ ಮಾತ್ರ ನಡೆದು ಹೋಗಬಹುದು, ಸಣ್ಣ ಗಾಡಿಗೆ 5ರಿಂದ 7 ಅಂಗುಲ ಬೇಕು. ಗಾಡಿ ಯಾವುದೆಂದು ತೀರ್ಮಾನಿಸುವುದು ಆಮೇಲೆ.

ನಮಗೂ ಇದೇ ಲೆಕ್ಕ. ನಮ್ಮ ಕಡೆ ನೆಲಕ್ಕೂ ನೀರಿಗೂ ಆಗಿಬರುವ ಸವಾರಿ ಎಂದರೆ ಹರಿಗೋಲು. ನೀರಿನಲ್ಲಿ ಅದು ನಮ್ಮನ್ನು ಹೊರುತ್ತದೆ, ನೆಲದಲ್ಲಿ ನಾವು ಅದನ್ನು ತಲೆಯ ಮೇಲೆ ಹೊರುತ್ತೇವೆ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಿಸ್ ಆನೆಗೊಂದಿಯ ಬಳಿ ಇದನ್ನು ಕಂಡು, ಬುಟ್ಟಿಯ ಹಾಗೆ ದುಂಡಗಿದೆ, ಒಳಗೆ ಬೆತ್ತ, ಹೊರಗೆ ತೊಗಲು, ಯಾವಾಗಲೂ ಸುತ್ತುತ್ತಲೇ ಹೋಗುತ್ತದೆ ಎಂದು ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಬಂದಿದೆ, ಡಾಂಬರು ಬಂದಿದೆ, ಈಗ ಫೈಬರ್ ಬಂದಿದೆ. ಸುತ್ತುವುದು ಹಾಗೇ ಇದೆ.

ಅಂಗಡಿಗೆ ಹೋಗುವ ಮೊದಲು

ಕೊಳ್ಳಬೇಕೆಂದವರು ಮೊದಲು ನೋಡಬೇಕಾದ್ದು ನೀರನ್ನಲ್ಲ, ದಡವನ್ನು. ನಡುನೀರಿನಲ್ಲಿ ಎಲ್ಲ ಹರಿಗೋಲೂ ಒಂದೇ ತರಹ ತೇಲುತ್ತವೆ. ಕೆಡುವುದು, ಹರಿಯುವುದು, ತೂತಾಗುವುದು ಎಲ್ಲ ದಡದಿಂದ ಮೂವತ್ತು ನಲವತ್ತು ಅಡಿಯೊಳಗೆ.

ಹಳ್ಳಿಯ ಕೆರೆಯನ್ನೇ ತೆಗೆದುಕೊಳ್ಳಿ. ನಾಲ್ಕು ವರ್ಷ ಒಣಗಿದ್ದ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ತಲೆಯೆತ್ತರ ಬೆಳೆದಿರುತ್ತದೆ. ಐದನೆಯ ವರ್ಷ ನೀರು ತುಂಬಿದಾಗ ಆ ಜಾಲಿಯೆಲ್ಲ ನೀರಿನಡಿ ಅಡಗಿಕೊಳ್ಳುತ್ತದೆ. ಸತ್ತ ಜಾಲಿಯ ಮುಳ್ಳು ನೀರಿನಲ್ಲಿ ಬೇಗ ಕೊಳೆಯುವುದೂ ಇಲ್ಲ. ಪ್ಲಾಸ್ಟಿಕ್ ಹೊದಿಸಿದ ಬಿದಿರಿನ ಹರಿಗೋಲನ್ನು ಇಂಥ ಕೆರೆಗೆ ಇಳಿಸಿದರೆ ಮೊದಲ ವಾರದಲ್ಲೇ ತಳಕ್ಕೆ ತೇಪೆ ಹಾಕಬೇಕಾಗುತ್ತದೆ. ಜಾಲಿ ಇರುವ ಕೆರೆಗೆ ಫೈಬರೇ ಸರಿ, ಎರಡನೆಯ ಮಾತಿಲ್ಲ. ಅದಕ್ಕಿಂತ ಒಳ್ಳೆಯದು, ನೀರು ಬರುವ ಮೊದಲೇ ಜಾಲಿಯನ್ನು ಬುಡಸಮೇತ ಕೀಳಿಸುವುದು. ಬಲೆಯೂ ಉಳಿಯುತ್ತದೆ.

ಕೆಆರ್‌ಪಿ ಅಣೆಕಟ್ಟೆಯ ಕಥೆ ಬೇರೆ. ಅಲ್ಲಿ ದಡ ಒಂದೇ ಕಡೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹೊಲದ ಬದುವಿನವರೆಗೆ ಬಂದ ನೀರು ಬೇಸಿಗೆಯಲ್ಲಿ ಬಹುದೂರ ಹಿಂದೆ ಸರಿಯುತ್ತದೆ. 2017ರ ನವೆಂಬರಿನಲ್ಲಿ ಒಂದು ಷಟರು ಮುರಿದು ನೀರು ಹರಿದುಹೋದಾಗಲಂತೂ ದಡ ಕೆಲವೇ ದಿನಗಳಲ್ಲಿ ಜಾಗ ಬಿಟ್ಟಿತು. ನೀರು ಬಿಟ್ಟುಹೋದ ನೆಲ ನೋಡಲು ಒಣಗಿದಂತಿದ್ದರೂ ಮೇಲಿನ ಹೆಪ್ಪು ಒಡೆದರೆ ಮೊಣಕಾಲುದ್ದ ಕೆಸರು. ಅಲ್ಲಿ ಹರಿಗೋಲನ್ನು ತಲೆಯ ಮೇಲೆ ಹೊತ್ತು ನಡೆದರೆ ಹೊತ್ತವನೇ ಹೂತುಹೋಗುತ್ತಾನೆ. ಅದನ್ನು ಕೆಸರಿನ ಮೇಲೆ ಮಲಗಿಸಿ, ಅಂಚಿಗೆ ಕೈಯೂರಿ, ಅರ್ಧ ಭಾರ ಅದರ ಮೇಲೆ ಬಿಟ್ಟು ಕಾಲಿನಿಂದ ತಳ್ಳಿಕೊಂಡು ಹೋಗಬೇಕು. ಇದಕ್ಕೆ ತಳ ನುಣುಪಾಗಿರಬೇಕು, ತೂಕ ಕಡಿಮೆ ಇರಬೇಕು. ಡಾಂಬರು ಗಡ್ಡೆಗಟ್ಟಿದ ತಳ ಕೆಸರನ್ನೆಲ್ಲ ಎಳೆದುಕೊಂಡು ಬರುತ್ತದೆ.

ಕೆಲವರಪಳ್ಳಿಯಲ್ಲಿ ಅಂತರಗಂಗೆ, ಮೇಲಿಂದ ನೊರೆ. ಬೆಂಗಳೂರಿನ ಕೊಳಚೆ, ಸಾಬೂನು, ಕಾರ್ಖಾನೆ ನೀರು ಎಲ್ಲ ಸೇರಿ ಬರುವ ಹೊಳೆ ಅದು. ಒಳಹರಿವು ಹೆಚ್ಚಿದ ದಿನ ನೊರೆ ರಸ್ತೆಯವರೆಗೂ ಏರುವುದನ್ನು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತೀರಿ. ಅಲ್ಲಿಯ ಮೀನನ್ನು ತಿನ್ನಬೇಕೇ ಬೇಡವೇ ಎಂಬುದು ಬೇರೆಯೇ ಚರ್ಚೆ. ಇಳಿಯಲೇಬೇಕಾದವರು ಹುಟ್ಟಿನ ಜೊತೆ ಹತ್ತು ಅಡಿಯ ಬಿದಿರು ಗಳವನ್ನೂ ಇಟ್ಟುಕೊಳ್ಳಿ, ಅಂತರಗಂಗೆಯಲ್ಲಿ ಹುಟ್ಟು ನಡೆಯುವುದಿಲ್ಲ. ಕೈಗೆ ರಬ್ಬರ್ ಗ್ಲೌಸು ಹಾಕಿಕೊಳ್ಳಿ. ಹೊಗೇನಕಲ್ಲಿನ ಬಂಡೆಗಲ್ಲಿನ ದಡಕ್ಕೆ ಈ ಯಾವ ಮಾತೂ ಅನ್ವಯಿಸುವುದಿಲ್ಲ, ಅದು ಹರಿಯುವ ಕಾವೇರಿ. ಹೊಸಬರು ಅಲ್ಲಿ ಹುಟ್ಟು ಹಿಡಿಯಬಾರದು, ಅಷ್ಟೆ.

ಬಿದಿರಿನದು

ಬಿದಿರಿನ ಹರಿಗೋಲು ಬೇಕಾದವರು ಪಾಲಕೋಡು, ಧರ್ಮಪುರಿ, ಪೆನ್ನಾಗರ ದಾಟಿ ಹೊಗೇನಕಲ್ಲಿನ ಕಡೆ ಹೋಗಿ ಪರಿಸಲು ಎಂದು ಕೇಳಿದರೆ ಹೆಣೆಯುವವರು ಸಿಗುತ್ತಾರೆ. ಸಿದ್ಧವಾಗಿದ್ದನ್ನು ಕೊಳ್ಳುವುದಕ್ಕಿಂತ ಹೇಳಿ ಮಾಡಿಸುವುದು ಲೇಸು. ಡಾಂಬರು ಬಳಿದ ಮೇಲೆ ಹೆಣಿಗೆ ಹೇಗಿದೆಯೆಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಸಿದ್ಧವಾದದ್ದನ್ನೇ ಕೊಳ್ಳುವುದಾದರೆ ಒಳಗಿನಿಂದ ನೋಡಿ. ತಳದ ನಡುವೆ ದಬ್ಬೆಗಳು ಒಂದನ್ನೊಂದು ದಾಟುವ ಕಡೆ ಜೋಡಿ ಹೆಣಿಗೆ ಇರಬೇಕು, ಮೊಣಕಾಲೂರುವ ಜಾಗ ಅದೇ. ಸಂದಿಯಲ್ಲಿ ಕಿರುಬೆರಳು ತೂರಿದರೆ ಬೇಡವೆನ್ನಿ. ನಡುವೆ ಮಂಡಿಯೂರಿ ಭಾರ ಬಿಟ್ಟರೆ ತಳ ತುಸು ಬಗ್ಗಬೇಕು, ಎದ್ದ ಕೂಡಲೇ ಮೊದಲಿನ ಆಕಾರಕ್ಕೆ ಬರಬೇಕು. ಬಗ್ಗದೆ ಟಕ್ಕೆಂದು ಸದ್ದು ಮಾಡಿದರೆ ದಬ್ಬೆ ಒಣಗಿ ಬಿರುಸಾಗಿದೆ. ಅಂಚಿನ ಬಳೆಯ ಸುತ್ತ ಕಟ್ಟನ್ನು ಉಗುರಿನಿಂದ ಎತ್ತಿ ನೋಡಿ. ಅಡಿಯಲ್ಲಿ ಹಿಟ್ಟಿನಂಥ ಬಿಳಿ ಪುಡಿ ಉದುರಿದರೆ ಹುಳು ಹೊಕ್ಕಿದೆಯೆಂದೇ ಅರ್ಥ, ಎಷ್ಟು ಕಡಿಮೆ ಬೆಲೆ ಹೇಳಿದರೂ ಹಿಂತಿರುಗಿ.

ಹುಳುವಿಗೆ ಬೇಕಾದ್ದು ಬಿದಿರಿನೊಳಗಿನ ಪಿಷ್ಟ. ಎಳೆಯ ಬಿದಿರಿನಲ್ಲಿ, ಮಳೆಗಾಲಕ್ಕೆ ಮುಂಚೆ ಕಡಿದ ಬಿದಿರಿನಲ್ಲಿ ಅದು ಹೆಚ್ಚು. ಅಮಾವಾಸ್ಯೆಯ ಆಸುಪಾಸು ಕಡಿಯಬೇಕೆಂದು ಹಿರಿಯರು ಹೇಳುತ್ತಾರೆ. ಅಮಾವಾಸ್ಯೆಯ ಮಾತು ಹೇಗಾದರೂ ಇರಲಿ, ಮೂರು ವರ್ಷ ದಾಟಿದ ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಇಳಿದು ಹುಳುವಿನ ಕಾಟ ಕಡಿಮೆಯಾಗುತ್ತದೆ. ನಿಮ್ಮ ಹೊಲದ ಬದುವಿನಲ್ಲಿ ಬಿದಿರು ಇದ್ದರೆ ಅದನ್ನೇ ಕೊಟ್ಟು ಹೆಣೆಸಿ. 2017ರ ಕೊನೆಯಲ್ಲಿ ಕೇಂದ್ರ ಸರ್ಕಾರ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆದಿದೆ. ಕಾಡಿನ ಬಿದಿರಿಗೆ ಈ ಮಾತು ನಡೆಯದು. ಡೆಂಕಣಿಕೋಟೆ, ಅಂಚೆಟ್ಟಿ ಕಡೆಯ ಕಾಡಿನಿಂದ ಯಾರೋ ತಂದು ಕೊಡುತ್ತಾರೆಂದು ಕೈಯೊಡ್ಡಬೇಡಿ.

ಇನ್ನು ಡಾಂಬರು. ರಸ್ತೆ ಕೆಲಸ ಮುಗಿದ ಮೇಲೆ ಉಳಿದ ಡ್ರಮ್ಮಿನಿಂದ ಅಗ್ಗಕ್ಕೆ ತಂದು ಬಳಿಯುವುದು ನಮ್ಮಲ್ಲಿ ರೂಢಿ. ರಸ್ತೆಯ ಡಾಂಬರು 50 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಕವುಚಿಟ್ಟ ಕಪ್ಪು ತಳ ಆ ಬಿಸಿಯನ್ನು ಸುಲಭವಾಗಿ ಮುಟ್ಟುತ್ತದೆ. ಆಗ ಡಾಂಬರು ಜಾರಿ ಅಂಚಿಗೆ ಇಳಿಯುತ್ತದೆ, ತಳ ತೆಳುವಾಗುತ್ತದೆ. ತಾರಸಿಗೆ ನೀರು ಸೋರದಂತೆ ಬಳಿಯಲು 85/25 ಎಂದು ಅಚ್ಚು ಹಾಕಿದ ಗಟ್ಟಿ ಡಾಂಬರು ಸಿಗುತ್ತದೆ. ಅದು ಮೆತ್ತಗಾಗಲು 85 ಡಿಗ್ರಿಯ ಸುಮಾರು ಬೇಕು. ಬೆಲೆ ಹೆಚ್ಚಾದರೂ ಒಂದು ಹರಿಗೋಲಿಗೆ ಬೇಕಾಗುವುದು ಕೆಲವೇ ಕಿಲೋ, ಅದನ್ನೇ ತನ್ನಿ. ಏನೇ ಮಾಡಿದರೂ ಬಿದಿರಿನದು ಎರಡು ಮಳೆಗಾಲ ದಾಟಿದರೆ ದೊಡ್ಡ ಮಾತು. ಕೆಲಸ ಮುಗಿದ ಮೇಲೆ ನೀರಿನಲ್ಲೇ ಬಿಡದೆ, ಮರದ ನೆರಳಿನಲ್ಲಿ ಮೂರು ಕಲ್ಲಿನ ಮೇಲೆ ಕವುಚಿಟ್ಟರೆ ಆ ಎರಡನ್ನಾದರೂ ಕಾಣುತ್ತದೆ.

ಫೈಬರಿನದು

ಫೈಬರ್ ಹರಿಗೋಲು ದುಬಾರಿ, ಆದರೆ ಬಹಳ ವರ್ಷ ಬಾಳುತ್ತದೆ, ಪ್ರತಿ ವರ್ಷ ಬಳಿಯುವ ಗೋಜಿಲ್ಲ, ಮುಳ್ಳಿಗೆ ಜಗ್ಗುವುದಿಲ್ಲ. ಬೆಲೆಯನ್ನು ಬಾಳಿಕೆಯ ವರ್ಷಗಳಿಂದ ಭಾಗಿಸಿ ನೋಡಿದರೆ ಕೆರೆ ಗುತ್ತಿಗೆ ಮೂರು ವರ್ಷಕ್ಕಿಂತ ಹೆಚ್ಚಿರುವವರಿಗೆ ಅದೇ ಲಾಭ. ಒಂದೇ ವರ್ಷದ ಗುತ್ತಿಗೆಗೆ ಬಿದಿರು ಸಾಕು.

ತೊಂದರೆ ಏನೆಂದರೆ ಫೈಬರಿನಲ್ಲಿ ಮೋಸ ಮಾಡುವುದು ಸುಲಭ. ಬಣ್ಣ ಹೊಡೆದು ಮಿರಿಮಿರಿ ಮಿಂಚುವ ತಳದಲ್ಲಿ ಒಂದೇ ಪದರ ನಾರು ಇರಬಹುದು. ಹರಿಗೋಲನ್ನು ಅಂಚಿನ ಮೇಲೆ ನಿಲ್ಲಿಸಿ, ಬೆನ್ನನ್ನು ಬಿಸಿಲಿಗೆ ತಿರುಗಿಸಿ, ನೀವು ಒಳಗಡೆಯಿಂದ ನೋಡಿ. ಬಣ್ಣ ತೆಳುವಾಗಿದ್ದರೆ ಬೆಳಕು ಒಂದೇ ಸಮನಾಗಿ ಹಾಯಬೇಕು. ಅಲ್ಲಲ್ಲಿ ಹೊಳೆವ ಮಚ್ಚೆ ಕಂಡರೆ ಅಲ್ಲೆಲ್ಲ ತೆಳು. ಆಮೇಲೆ ನಾಣ್ಯದಿಂದ ತಳದುದ್ದಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಪೊಳ್ಳು ಸದ್ದು ಬಂದರೆ ಪದರಗಳ ನಡುವೆ ಗಾಳಿ ಉಳಿದಿದೆ, ಮುಂದೆ ಅಲ್ಲಿಂದಲೇ ಬಿರುಕು. ಮೂಗಿಗೆ ಘಾಟು ಹೊಡೆದರೆ ರಾಳ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಇನ್ನೆರಡು ವಾರ ಬಿಸಿಲಿಗೆ ಬಿಟ್ಟು ಕೊಡಿ ಎನ್ನಿ. ಅಂಚಿನ ಒಳಮೈಯನ್ನು ಬರಿಗೈಯಲ್ಲಿ ಸವರಿ. ನಾರು ಚುಚ್ಚುವಂತಿದ್ದರೆ ನಾಳೆ ನಿಮ್ಮ ಬಲೆಯನ್ನೂ ಅದು ಹಿಡಿದು ಹರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಮಗುಚಿದರೆ ತೇಲುತ್ತದೆಯೇ ಎಂಬುದು. ಬಿದಿರು ತಾನಾಗಿ ತೇಲುವ ವಸ್ತು. ಫೈಬರ್ ಹಾಗಲ್ಲ, ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರು ತುಂಬಿದ ಫೈಬರ್ ಹರಿಗೋಲು ಕಲ್ಲಿನಂತೆ ತಳ ಸೇರುತ್ತದೆ. ಅದಕ್ಕೆ ಅಂಚಿನ ಸುತ್ತ ಇಲ್ಲವೇ ಕೂರುವ ಹಲಗೆಯಡಿ ಫೋಮ್ ತುಂಬಿದ ಮುಚ್ಚಿದ ಗೂಡು ಇರಲೇಬೇಕು. ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬಹುದು. 40 ಕಿಲೋ ತೂಕದ ಹರಿಗೋಲು ಮುಳುಗದಿರಲು ಸುಮಾರು 13 ಕಿಲೋ ಎತ್ತುವ ಬಲ ಬೇಕು. ಬಿರಡೆ ಭದ್ರವಾಗಿರುವ 20 ಲೀಟರಿನ ಒಂದು ಖಾಲಿ ಕ್ಯಾನು 19 ಕಿಲೋದಷ್ಟು ಎತ್ತುತ್ತದೆ. ಅಂಚಿನ ಮೂರು ಕಡೆ ಮೂರು ಕ್ಯಾನು ಬಿಗಿದು ಕಟ್ಟಿದರೆ ಹರಿಗೋಲೂ ಉಳಿಯುತ್ತದೆ, ಅದನ್ನು ಹಿಡಿದು ತೇಲುವ ಇಬ್ಬರೂ ಉಳಿಯುತ್ತಾರೆ.

ಥರ್ಮೋಕೋಲ್ ಹಲಗೆಯನ್ನು ಗೋಣಿಯಲ್ಲಿ ಸುತ್ತಿ ಅದರ ಮೇಲೆ ಕೂತು ಹೋಗುವವರಿದ್ದಾರೆ, ಲಾರಿ ಟ್ಯೂಬಿನ ಮೇಲೆ ಹೋಗುವವರೂ ಇದ್ದಾರೆ. ಟ್ಯೂಬಿಗೆ ಒಂದು ಜಾಲಿ ಮುಳ್ಳು ಸಾಕು, ಬೆಕ್ಕುಮೀನಿನ ಒಂದು ಮುಳ್ಳೂ ಸಾಕು. ಥರ್ಮೋಕೋಲ್ ಪುಡಿಪುಡಿಯಾಗಿ ಕೆರೆ ತುಂಬ ಹರಡುತ್ತದೆ, ಮೀನಿನ ಹೊಟ್ಟೆಗೂ ಹೋಗುತ್ತದೆ. ಎರಡನ್ನೂ ಅಗ್ಗವೆಂದು ಶಿಫಾರಸು ಮಾಡುವವರ ಮಾತು ಕೇಳಬೇಡಿ.

ಅಳತೆ, ಸಾಗಾಟ, ಸವಾರಿ

ಆರು ಅಡಿ ಬಾಯಿಯ ಹರಿಗೋಲಿನ ತಳ ಸುಮಾರು ಐದು ಅಡಿ ಅಗಲವಿದ್ದರೆ, ಅದು ಒಂದು ಸೆಂಟಿಮೀಟರ್ ಮುಳುಗಲು 18 ಕಿಲೋ ಭಾರ ಬೇಕು. ಇಬ್ಬರು ಆಳು, ಒದ್ದೆ ಬಲೆ, ಮೀನು, ಹರಿಗೋಲಿನ ತೂಕ ಎಲ್ಲ ಸೇರಿ 220 ಕಿಲೋ ಆದರೂ 12 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹಾಗಾಗಿ ಭಾರಕ್ಕೆ ಮುಳುಗೀತೆಂಬ ಭಯ ಬೇಡ, ಭಯವಿರುವುದು ಒಂದೇ ಕಡೆ ವಾಲುವುದರಲ್ಲಿ. ಒಬ್ಬರಿಗೆ ಆರು ಅಡಿ, ಇಬ್ಬರಿಗೆ ಏಳು ಅಡಿ ಸಾಕು. ಅದಕ್ಕಿಂತ ದೊಡ್ಡದು ಗಾಳಿಗೆ ಸಿಕ್ಕರೆ ಹುಟ್ಟಿಗೆ ಬಗ್ಗುವುದಿಲ್ಲ.

ಮನೆಯಿಂದ ಕೆರೆಗೆ ಒಯ್ಯುವ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಟಾಟಾ ಏಸ್ ಗಾಡಿಯ ತೊಟ್ಟಿಯ ಅಗಲ ಐದು ಅಡಿಗೂ ತುಸು ಕಡಿಮೆ. ಆರಡಿಯದು ಅದರೊಳಗೆ ಇಳಿಯುವುದಿಲ್ಲ, ಪಕ್ಕದ ಹಲಗೆಗಳ ಮೇಲೆ ಕವುಚಿ ನಾಲ್ಕು ಮೂಲೆಗೂ ಹಗ್ಗ ಬಿಗಿಯಬೇಕು. ಬರೀ ಎರಡು ಕಡೆ ಕಟ್ಟಿದರೆ ಹೆದ್ದಾರಿಯ ಗಾಳಿಗೆ ಮೇಲೇಳುತ್ತದೆ. ಗಾಡಿಯಿಂದ ನೀರಿನವರೆಗೆ ಒಬ್ಬರೇ ಎತ್ತಿ ತಲೆಗೇರಿಸಲು ಆಗುತ್ತದೆಯೇ ಎಂದು ಅಂಗಡಿಯ ಮುಂದೆಯೇ ಎತ್ತಿ ನೋಡಿ. ಇದರಲ್ಲಿ ನಾಚಿಕೆ ಬೇಡ.

ಹುಟ್ಟು ಹಾಕುವಾಗ ಹೊಸಬರು ಪಕ್ಕಕ್ಕೆ ಹಾಕುತ್ತಾರೆ, ಹರಿಗೋಲು ಇದ್ದಲ್ಲೇ ಗಿರಗಿರನೆ ಸುತ್ತುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಮಂಡಿಯೂರಿ, ಹುಟ್ಟನ್ನು ಎದುರಿಗೇ ಇಳಿಸಿ, ಎಡದಿಂದ ಒಮ್ಮೆ ಬಲದಿಂದ ಒಮ್ಮೆ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು.

ಸಂಜೆ ಬಿಟ್ಟ ಬಲೆಯನ್ನು ಬೆಳಗಿನ ಜಾವ ಎತ್ತುವ ಹೊತ್ತೇ ನಾಜೂಕಿನದು. ಬಲ್ಲವರು ಅಂಚಿನ ಮೇಲೆ ಕೂರುವುದಿಲ್ಲ, ನಡುವಿಗಿಂತ ಒಂದು ಗೇಣು ಹಿಂದೆ ಮಂಡಿಯೂರಿ, ಬಲೆಯ ಮೇಲಿನ ಹಗ್ಗ ಹಿಡಿದು ಎಳೆಯುತ್ತಾರೆ. ಬಲೆ ಎತ್ತ ಜಗ್ಗುತ್ತದೋ ಹರಿಗೋಲು ತಾನೇ ಅತ್ತ ತಿರುಗಿಕೊಳ್ಳುತ್ತದೆ. ಉದ್ದನೆಯ ದೋಣಿಗೆ ಈ ಗುಣವಿಲ್ಲ. ಬಂದ ಬಲೆಯನ್ನು ಎದುರಿಗೆ ರಾಶಿ ಹಾಕದೆ ಮಡಿಲ ಎರಡು ಪಕ್ಕಕ್ಕೂ ಸಮನಾಗಿ ಸರಿಸುತ್ತ ಹೋಗುತ್ತಾರೆ. ದೊಡ್ಡ ಕಾಟ್ಲಾ ಮೇಲೆ ಬಂದು ಬಡಿದಾಡಿದಾಗ ಬಗ್ಗಿ ಅಪ್ಪಿಕೊಳ್ಳುವ ಆಸೆಯಾಗುತ್ತದೆ, ಇಬ್ಬರಿದ್ದರೆ ಇಬ್ಬರೂ ಅದೇ ಕಡೆ ಬಗ್ಗುತ್ತಾರೆ. ಮಗುಚುವುದು ಆವಾಗಲೇ. ಒಬ್ಬರು ಬಗ್ಗಿದರೆ ಇನ್ನೊಬ್ಬರು ಎದುರು ಅಂಚಿಗೆ ಸರಿಯಬೇಕೆಂದು ದಡದಲ್ಲೇ ಮಾತಾಡಿಕೊಳ್ಳಿ.

ಆಷಾಢದ ಗಾಳಿಯಲ್ಲಿ ಅಣೆಕಟ್ಟೆಯ ನಡುನೀರಿಗೆ ಹೋಗಬೇಡಿ, ಹೋದ ವೇಗದಲ್ಲಿ ಹಿಂತಿರುಗಲಾಗದು. ಷಟರುಗಳ ಹತ್ತಿರ ಯಾವ ಕಾಲಕ್ಕೂ ಸುಳಿಯಬೇಡಿ. 2024ರ ಡಿಸೆಂಬರ್ ಆರಂಭದಲ್ಲಿ ಫೆಂಜಲ್ ಚಂಡಮಾರುತ ಬಂದಾಗ ನಮ್ಮದೇ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ ಸುರಿಯಿತು. ಅಂಥ ದಿನ ಬಲೆ ಹೋದರೆ ಹೋಗಲಿ.

ಕಾಗದ ಪತ್ರ

ಅಣೆಕಟ್ಟೆಗಳಲ್ಲಿ ಮೀನುಗಾರಿಕೆ ಇಲಾಖೆಯ ಅನುಮತಿ ಇಲ್ಲದೆ, ಕೆರೆಗಳಲ್ಲಿ ಗುತ್ತಿಗೆಯ ಕಾಗದವಿಲ್ಲದೆ ಹರಿಗೋಲು ಇಳಿಸುವಂತಿಲ್ಲ. ಮೀನುಗಾರರ ಸಹಕಾರ ಸಂಘದ ಸದಸ್ಯರಾದರೆ ಅರ್ಧ ಕೆಲಸ ಹಗುರ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ದೋಣಿ ಮತ್ತು ಬಲೆಗೂ ನೆರವಿತ್ತು. ಸಾಮಾನ್ಯ ವರ್ಗಕ್ಕೆ ವೆಚ್ಚದ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60. ಇದೇ ಯೋಜನೆಯಡಿ ಅಪಘಾತ ವಿಮೆಯೂ ಇತ್ತು, ಸಾವು ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ ಎರಡೂವರೆ ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿ, ಕಂತನ್ನು ಸರ್ಕಾರವೇ ಕಟ್ಟುತ್ತಿತ್ತು. ಈ ವರ್ಷ ಯಾವ ಯೋಜನೆ ನಡೆಯುತ್ತಿದೆ, ಹಣ ಎಷ್ಟಿದೆ ಎಂಬುದನ್ನು ಕೃಷ್ಣಗಿರಿಯ ಮೀನುಗಾರಿಕೆ ಕಚೇರಿಯಲ್ಲಿ ಕೇಳಿ, ಹರಿಗೋಲು ಕೊಳ್ಳುವ ಮೊದಲೇ ಕೇಳಿ. ಅರ್ಜಿ ತಮಿಳಿನಲ್ಲಿರುತ್ತದೆ, ಓದಲು ಬಾರದವರು ಸಂಘದ ಕಾರ್ಯದರ್ಶಿಯನ್ನು ಜೊತೆಗೆ ಕರೆದೊಯ್ಯಿರಿ. ಬಿಲ್ಲಿಲ್ಲದೆ ಕೊಂಡ ಹರಿಗೋಲನ್ನು ತೋರಿಸಿ ಆಮೇಲೆ ಸಹಾಯಧನ ಕೇಳಲು ಬರುವುದಿಲ್ಲ.

ಕೊನೆಗೆ ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದೆ ಹೋಗಬಹುದು. ಆಗ ಹರಿಗೋಲು ಹಳೆಯದನ್ನೇ ಕೊಳ್ಳಿ, ಹುಟ್ಟನ್ನು ಊರಿನ ಬಡಗಿಯ ಕೈಲಿ ಮಾಡಿಸಿಕೊಳ್ಳಿ, ಲೈಫ್ ಜಾಕೆಟ್ಟನ್ನು ಮಾತ್ರ ಹೊಸದೇ ಕೊಳ್ಳಿ, ಒಬ್ಬೊಬ್ಬರಿಗೆ ಒಂದೊಂದು. ಈಜು ಬರುವವರಿಗೂ.